ಹುರುಳಿ ಕಣದಲ್ಲಿ ಕೆಂಪು ಕಾರು

ಅಕ್ಕೂರಿನ ರಾಮಲಿಂಗಯ್ಯ ತನ್ನ ಐವತ್ತೊಂಬತ್ತನೇ ವಯಸ್ಸಿನಲ್ಲಿ ಕೆಂಪು ಬಣ್ಣದ ಸ್ಪೋರ್ಟ್ಸ್ ಸೆಡಾನ್ ಕಾರೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದಾಗ ಅವನ ಹೆಂಡತಿ ಸಿದ್ದಮ್ಮ ಆರತಿ ತಟ್ಟೆಯನ್ನೂ ತರಲಿಲ್ಲ, ನಿಂಬೆಹಣ್ಣನ್ನೂ ತರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಬಗ್ಗಿ ಅದರ ಹೊಟ್ಟೆಯ ಕೆಳಗೆ ಇಣುಕಿದಳು.

“ಇದರಡಿ ಕೋಳಿಮರಿ ನುಗ್ಗಕ್ಕೂ ಜಾಗ ಇಲ್ವಲ್ಲ. ನೆಲಕ್ಕೆ ಕುಂಡಿ ಉಜ್ಕಂಡು ಓಗಕ್ಕೆ ಕಾರ್ ಯಾಕೆ ಬೇಕಿತ್ತು? ಒಂದು ಮಣೆ ಮೇಲೆ ಕೂತ್ಕಂಡು ಯಾರ ಕೈಲಾದ್ರೂ ತಳ್ಳಿಸ್ಕಂಡಿದ್ರೆ ಆಗ್ತಿರ್ಲಿಲ್ವಾ?”

ರಾಮಲಿಂಗಯ್ಯ ಹೆಗಲ ಮೇಲಿನ ಟವೆಲಿನಿಂದ ಬಾನೆಟ್ಟಿನ ಧೂಳು ಒರೆಸತೊಡಗಿದ. ಉತ್ತರ ಇರಲಿಲ್ಲ ಅಂತಲ್ಲ, ಅದನ್ನು ಬಾಯಿಬಿಟ್ಟು ಹೇಳಿದರೆ ನಾಚಿಕೆ.

ಸಂಗತಿ ಏನೆಂದರೆ, ಅವನು ಮೂವತ್ತು ವರ್ಷ ಗೂಡ್ಸ್ ಟೆಂಪೊ ಓಡಿಸಿದ್ದ. ತನ್ನದೇ ಹಿಪ್ಪುನೇರಳೆ ತೋಟ, ತನ್ನದೇ ಹುಳುಮನೆ. ಜೊತೆಗೆ ಊರವರ ರೇಷ್ಮೆಗೂಡನ್ನೂ ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಹುಳ ಮೇಯುವುದು ಮುಗಿಸಿ ಹಣ್ಣಾದ ಕಾಲಕ್ಕೆ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ತಟ್ಟೆಗಳ ಮೇಲೆ ಬಿಟ್ಟ ಹುಳವನ್ನೇ ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯಬೇಕಾಗುತ್ತಿತ್ತು. ಗೂಡು ಕಟ್ಟಲು ಕೂತ ಹುಳ ಬಸುರಿ ಹೆಂಗಸಿನ ಹಾಗೆ. ಒಂದು ಕುಲುಕಾಟವಾದರೆ ಪಟಪಟನೆ ಉದುರಿಬಿಡುತ್ತದೆ. ಹಾಗಾಗಿ ರಾಮಲಿಂಗಯ್ಯನ ಟೆಂಪೊ ಮೂವತ್ತರ ಮೇಲೆ ಮುಳ್ಳು ಏರಿಸಿದ್ದನ್ನು ಕಂಡವರಿಲ್ಲ. ಎತ್ತಿನ ಗಾಡಿಯವರು ಅವನ ಹಿಂದೆ ಉಳಿಯುತ್ತಿದ್ದರೆ ಅದು ಗಾಡಿಗೆ ಹಾರನ್ ಇಲ್ಲದ ಕಾರಣಕ್ಕೆ ಮಾತ್ರ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಹೋದ ವರ್ಷ ಮಾರುಕಟ್ಟೆಯಲ್ಲಿ ಟೆಂಪೊ ಕೆಟ್ಟು ನಿಂತಾಗ, ಅವನ ಗೂಡನ್ನು ವರ್ಷಾನುಗಟ್ಟಲೆ ಕೊಂಡು ನೂಲು ತೆಗೆಸುತ್ತಿದ್ದ ರಾಮನಗರದ ರೀಲರ್ ವಾಸಿಂ ತನ್ನ ಕಪ್ಪು ಕಾರಿನಲ್ಲಿ ಅಕ್ಕೂರಿನವರೆಗೆ ಬಿಟ್ಟುಬಂದ. ಹಳೆ ಹೆದ್ದಾರಿಗೆ ಬಂದು ವಾಸಿಂ ಕಾಲೊತ್ತಿದ್ದೇ ತಡ, ಸೀಟು ರಾಮಲಿಂಗಯ್ಯನ ಬೆನ್ನನ್ನು ಅವುಚಿಕೊಂಡಿತು. ಅವನಿಗೆ ನಗು ಬಂತು. ಯಾಕೆ ಅಂತ ಗೊತ್ತಿಲ್ಲ, ಚನ್ನಪಟ್ಟಣ ಬರುವವರೆಗೂ ನಗುತ್ತಲೇ ಇದ್ದ. ಜನ್ಮದಲ್ಲಿ ಅವನು ಕೊಂಡಿದ್ದೆಲ್ಲ ಉಪಯೋಗದ ವಸ್ತುವೇ: ಪಂಪ್‌ಸೆಟ್ಟು, ಟೆಂಪೊ, ಹುಳುಮನೆಗೆ ಶೀಟು. ಉಪಯೋಗವಿಲ್ಲದ್ದು, ಬರೀ ಖುಷಿಗೆ, ಬರೀ ತನಗೆ ಅಂತ ಒಂದೂ ಇರಲಿಲ್ಲ. ಆ ನಗು ಅವನ ಎದೆಯಲ್ಲಿ ಕೂತುಬಿಟ್ಟಿತು.

ವಾಸಿಂ ಅವನನ್ನು ‘ತಗ್ಗು ಕಾರಿನ ಬಳಗ’ ಎಂಬ ವಾಟ್ಸಪ್ ಗುಂಪಿಗೆ ಸೇರಿಸಿದ. ಅದರಲ್ಲಿ ಬಾಯಿ ಬಿಡುವವರು ಮೂವರೇ. ಒಬ್ಬ ವಾಸಿಂ. ಇನ್ನೊಬ್ಬರು ಕನಕಪುರದ ಹೈಸ್ಕೂಲಿನ ಪಿ.ಟಿ. ಮೇಡಂ ರಾಧಾಮಣಿ, ನೀಲಿ ಕಾರು, ಕೊರಳಲ್ಲಿ ಭಾನುವಾರವೂ ವಿಷಲ್. ಮೂರನೆಯವರು ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟಿರುವ ಗಫಾರ್ ಸಾಬರು. ಬಿಳಿ ಕಾರು, ಕನ್ನಡಿಯಿಂದ ನೇತಾಡುವ ಅರಗಿನ ಬಣ್ಣದ ಗಿಳಿಗಳು.

ಕಾರು ಹುಡುಕಿಕೊಟ್ಟದ್ದೂ ವಾಸಿಮೇ. ಬೆಂಗಳೂರಿನ ಡಾಕ್ಟರೊಬ್ಬರದು, ನಾಲ್ಕು ವರ್ಷ ಹಳೆಯದು. ವಾಸಿಂ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳ ಕೇಳುವವನು. ಇಲ್ಲಿಯೂ ಬಾನೆಟ್ಟಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಂತ. “ತಣ್ಣಗಿರೋ ಎಂಜಿನ್ನೇ ಸ್ಟಾರ್ಟ್ ಮಾಡಿಸಿ ಕೇಳ್ಬೇಕು ಅಣ್ಣ. ನಾವ್ ಬರೋಕ್ ಮುಂಚೆನೇ ಬಿಸಿ ಮಾಡಿ ಮಡಗಿದ್ರೆ ಏನೋ ಮುಚ್ಚಿಡ್ತಾವ್ರೆ ಅಂತ ಲೆಕ್ಕ.” ಆಮೇಲೆ ನೆಲದ ಮ್ಯಾಟು ಎತ್ತಿ ಮೂಸಿದ, ಮಳೆ ನೀರಲ್ಲಿ ಮುಳುಗಿದ ಕಾರೋ ಅಂತ. ನಾಲ್ಕೂ ಟೈರಿನ ಮೇಲೆ ಕೈಯಾಡಿಸಿದ, ಸವೆತ ಒಂದೇ ಸಮ ಇದೆಯೋ ಅಂತ. ಡಾಕ್ಟರು ಒಳ್ಳೆಯವರು. “ಒಂದು ವಾರ ಓಡಿಸಿ ನೋಡಿ, ಮನೇಲಿ ಒಪ್ಪದಿದ್ರೆ ಸೋಮವಾರ ತಂದುಬಿಡಿ” ಎಂದು ಕೀ ಕೊಟ್ಟು ಕಳಿಸಿದರು.

ಮನೆಯಲ್ಲಿ ಒಪ್ಪಬೇಕಾದವಳು ಈಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಕೇಳಿಲ್ಲಿ,” ಅಂದಳು ಸಿದ್ದಮ್ಮ. “ನಿಮ್ ಗುಂಪಿನ ಸಾಬ್ರು ಫೋನಲ್ಲಿ ಏಳ್ತಿದ್ದದ್ನ ನಾನೂ ಕೇಳಿವ್ನಿ. ರಸ್ತೇಲಿ ಹಂಪು ಬಂದಾಗೆಲ್ಲ ಅವ್ರ ಎಂಡ್ರು ಹಾಜಿರಮ್ಮ ಕಾರಿಂದ ಇಳ್ದು, ಆಚೆ ಕಡೆ ನಡ್ಕೊಂಡೋಗಿ ಮತ್ತೆ ಹತ್ಬೇಕಂತೆ. ಅಂತಾ ಹಂಪಿಗೆ ‘ಹಾಜಿರಾ ಇಳಿಯೋ ಹಂಪು’ ಅಂತ್ಲೇ ಎಸ್ರಂತೆ. ನಂಗೆ ಅಂತಾ ಎಸ್ರು ಬ್ಯಾಡ. ಭಾನುವಾರ ತಿಪ್ಪಸಂದ್ರಕ್ಕೆ, ನಮ್ಮಣ್ಣನ ಮನೆಗೆ, ಅವರೆಕಾಯಿ ತರಕ್ಕೆ ಓಗ್ಬೇಕು. ಇದ್ರಲ್ಲೇ ಓಗಾನ. ಇಲ್ಲಿ ಹತ್ತಿದ್ರೆ ನಮ್ಮಣ್ಣನ ಬಾಗ್ಲಲ್ಲೇ ಇಳಿಯೋದು. ಈ ಕಾರು ಅಡಿ ಉಜ್ಕಂಡು ನನ್ನ ನಡು ರಸ್ತೇಲಿ ಒಂದ್ಕಿತ ಇಳಿಸ್ತೋ, ಸೋಮವಾರ ವಾಪಸ್. ಆಯ್ತಾ?”

“ಆಯ್ತು,” ಅಂದ ರಾಮಲಿಂಗಯ್ಯ.

ಅವನು ಕೊಟ್ಟ ಮಾತಿಗೆ ತಪ್ಪಿದ್ದು ಊರಲ್ಲಿ ಯಾರಿಗೂ ನೆನಪಿಲ್ಲ. ತಪ್ಪಿದ್ದರೆ ಸಿದ್ದಮ್ಮನಿಗಂತೂ ನೆನಪಿರುತ್ತಿತ್ತು.

ಶನಿವಾರ ಬೆಳಿಗ್ಗೆ ಬಳಗ ತುರ್ತಾಗಿ ರಾಮನಗರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಸೇರಿತು. ಹೊರಗೆ ಕಪ್ಪು, ನೀಲಿ, ಬಿಳಿ, ಕೆಂಪು ನಾಲ್ಕೂ ಕಾರು ನಿಂತಿದ್ದವು. ಹೋಟೆಲಿನ ಮೆಟ್ಟಿಲಿಗಿಂತ ಅವೇ ಕೆಳಗಿದ್ದವು.

“ಅಡ್ಡ ಹೋಗ್ಬೇಕು, ಅಡ್ಡ!” ಗಫಾರ್ ಸಾಬರು ಇಡ್ಲಿಯ ತಟ್ಟೆಯನ್ನೇ ಓರೆ ಮಾಡಿ ತೋರಿಸಿದರು. “ಹಂಪಿಗೆ ನೇರ ಹೋದ್ರೆ ಹೊಟ್ಟೆ ಕುಯ್ಯುತ್ತೆ. ಒಂದು ಗಾಲಿ ಮುಂದೆ, ಒಂದು ಗಾಲಿ ಹಿಂದೆ, ಹಾವು ಹರಿದಂಗೆ ಹರೀಬೇಕು. ನಾನು ಇದನ್ನ ಕಲಿಯೋ ಹೊತ್ಗೆ ಎರಡು ಬಂಪರು ಹೋಯ್ತು, ಹಾಜಿರಾ ಒಂದು ತಿಂಗಳು ಮಾತು ಬಿಟ್ಟಿದ್ಲು.”

“ಸಾಬ್ರೇ, ಎಲ್ಲದಕ್ಕೂ ಅಡ್ಡ ಅನ್ಬೇಡಿ,” ಎಂದು ರಾಧಾಮಣಿ ಮೇಡಂ ತರಗತಿಯಲ್ಲಿ ನಿಂತವರ ಹಾಗೆ ಶುರುಮಾಡಿದರು. “ರಾಮಲಿಂಗಯ್ಯನೋರೆ, ಈ ಕಾರಿಗೆ ವೇಗ ಕಲಿಸ್ಬೇಕಾಗಿಲ್ಲ, ಅದಕ್ಕೆ ಬರುತ್ತೆ. ನೀವು ಕಲೀಬೇಕಾಗಿರೋದು ಬ್ರೇಕು. ತಿರುವಿಗೆ ಮುಂಚೆನೇ ಬ್ರೇಕು ಮುಗಿದಿರ್ಬೇಕು, ತಿರುವಿನೊಳಗೆ ತುಳೀಬಾರ್ದು. ಕಣ್ಣು ಬಾನೆಟ್ ಮೇಲೆ ಬೇಡ, ದೂರದಲ್ಲಿರ್ಲಿ. ಹಂಪು ಕಂಡ ತಕ್ಷಣ ಅಲ್ಲ, ಕಾಣೋಕೆ ಮುಂಚೆನೇ ಗೊತ್ತಿರ್ಬೇಕು.”

“ಎಂಗೆ ಗೊತ್ತಾಯ್ತದೆ ಮೇಡಂ?”

“ಬರ್ಕೊಳ್ಳಿ.”

ಬರೆದುಕೊಂಡದ್ದಾಯಿತು. ಮೂವರೂ ಸೇರಿ ಅಕ್ಕೂರಿನಿಂದ ತಿಪ್ಪಸಂದ್ರದವರೆಗೆ ನೆನಪು ಮಾಡಿ ಮಾಡಿ ನಲವತ್ತಮೂರು ಹಂಪುಗಳನ್ನು ಬರೆಸಿದರು. ಶಾಲೆ ಮುಂದಿನದು, ಡೇರಿ ಮುಂದಿನದು, ಬಣ್ಣ ಅಳಿಸಿಹೋದದ್ದು, ಊರವರು ತಾವೇ ಮಣ್ಣು ಸುರಿದು ಮಾಡಿಕೊಂಡದ್ದು. ಇಷ್ಟು ಜನ ಇಷ್ಟು ಅನುಭವ ಧಾರೆಯೆರೆದ ಮೇಲೆ ಇನ್ನೇನು ಬೇಕು! ಆದರೆ ನಾಲ್ಕು ತಲೆಗಳಲ್ಲಿ ಒಂದಕ್ಕೂ ಒಂದು ಸಂಗತಿ ಹೊಳೆಯಲಿಲ್ಲ. ಅದು ಪುಷ್ಯ ಮಾಸ. ಹುರುಳಿ ಕಿತ್ತಿದ್ದ ಕಾಲ.

ಭಾನುವಾರ ಬೆಳಿಗ್ಗೆ ಸಿದ್ದಮ್ಮ ಹೊಸ ಸೀರೆಯುಟ್ಟು, ಮಂಡಿ ಹಿಡಿದುಕೊಂಡು, ‘ಶಿವನೇ’ ಅನ್ನುತ್ತ ಕಾರಿನೊಳಗೆ ಕೂತಳು. ಕೂತವಳು ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊದಲ ಹಂಪು ಬಂತು. ರಾಮಲಿಂಗಯ್ಯ ಉಸಿರು ಬಿಗಿಹಿಡಿದು ಅಡ್ಡಕ್ಕೆ ತಿರುಗಿಸಿ, ಒಂದು ಗಾಲಿ, ಇನ್ನೊಂದು ಗಾಲಿ ಅಂತ ಇಳಿಸಿದ. ಸದ್ದಿಲ್ಲ.

“ಒಂದು,” ಅಂದಳು ಸಿದ್ದಮ್ಮ.

ಚನ್ನಪಟ್ಟಣದ ಹೊತ್ತಿಗೆ ಒಂಬತ್ತು. ರಾಮನಗರದ ಹೊತ್ತಿಗೆ ಹದಿನೇಳು. ಒಂದರಲ್ಲೂ ತಳ ತಾಗಲಿಲ್ಲ. ಮೂವತ್ತು ವರ್ಷ ಹುಳ ಉದುರಿಸದೆ ಓಡಿಸಿದ ಕಾಲು ಅದು. ಬ್ರೇಕನ್ನು ಹಸುಗೂಸಿನ ಕೆನ್ನೆಯ ಹಾಗೆ ಮುಟ್ಟುತ್ತಿತ್ತು. ಮಾಗಡಿ ದಾರಿಗೆ ತಿರುಗಿದ ಮೇಲೆ ‘ಇಪ್ಪತ್ತೆರಡು’ ಅನ್ನುವ ಸದ್ದು ಬರಲಿಲ್ಲ. ಪಕ್ಕಕ್ಕೆ ನೋಡಿದರೆ ಸಿದ್ದಮ್ಮ ಬಾಗಿಲ ಹಿಡಿ ಬಿಟ್ಟು, ಬಾಯಿ ಒಂದಿಷ್ಟು ತೆರೆದು ನಿದ್ದೆ ಹೋಗಿದ್ದಳು. ರಾಮಲಿಂಗಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿ ಗೊರಕೆ ಹೊಡೆದರೆ ಹಿಗ್ಗಿದ ಗಂಡ ಮಾಗಡಿ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಮಾಗಡಿ ದಾಟಿತು. ನಲವತ್ತು ದಾಟಿತು. ಎಚ್ಚರವಾದ ಸಿದ್ದಮ್ಮ ಗಂಡನಿಂದ ಲೆಕ್ಕ ಕೇಳಿಕೊಂಡು ನಲವತ್ತೊಂದು, ನಲವತ್ತೆರಡು, ನಲವತ್ತಮೂರನ್ನು ತಾನೇ ಎಣಿಸಿ, “ಮುಗೀತಲ್ಲ” ಅಂದಳು. ಅವಳ ದನಿಯಲ್ಲಿ ಸೋತ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. ತಿಪ್ಪಸಂದ್ರ ಇನ್ನು ಎರಡೇ ಮೈಲಿ. ರಾಮಲಿಂಗಯ್ಯ ಮನಸ್ಸಿನಲ್ಲೇ ಕಾರಿಗೆ ಮನೆ ಮುಂದೆ ಚಪ್ಪರ ಹಾಕಿದ, ಆಯುಧಪೂಜೆಗೆ ಬಾಳೆಕಂದನ್ನೂ ಕಟ್ಟಿದ. ಕೂಸು ಹುಟ್ಟುವ ಮುನ್ನ ಕುಲಾವಿ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ತಿರುವಿನಾಚೆ ರಸ್ತೆಯ ಉದ್ದಗಲಕ್ಕೂ ಹುರುಳಿ ಗಿಡ ಹರಡಿತ್ತು. ಹೋಗಿಬರುವ ವಾಹನಗಳ ಗಾಲಿಯಲ್ಲಿ ಕಾಳು ಬಿಡಿಸಿಕೊಳ್ಳುವ ಪದ್ಧತಿ. ಟಾರು ರಸ್ತೆಯೇ ಕಣ, ಬಸ್ಸು ಲಾರಿಯೇ ಒಕ್ಕಣೆಯ ಕಲ್ಲುಗುಂಡು. ತಲೆಗೆ ಟವೆಲ್ ಸುತ್ತಿದ ಮುದುಕನೊಬ್ಬ ಕೋಲು ಹಿಡಿದು ಗಿಡ ತಿರುವಿಹಾಕುತ್ತಿದ್ದ. ಹೆಸರು ಚಿಕ್ಕಹನುಮಯ್ಯ ಅಂತ ಆಮೇಲೆ ಗೊತ್ತಾಯಿತು. ಮುಂದೆ ಬೆಂಗಳೂರಿನ ಕಾರೊಂದು ಹಿಂಜರಿದು ರಸ್ತೆಯ ಅಂಚಿಗೆ ಇಳಿದು ಹೋಯಿತು. ಮುದುಕ ಅದರ ಬೆನ್ನಿಗೆ ಬೈದ. “ಯಾಕ್ಲಾ, ನಿನ್ ಟೈರ್ ಸವ್ದೋಯ್ತದಾ?”

ಆ ಮಾತು ರಾಮಲಿಂಗಯ್ಯನ ಕಿವಿಗೆ ಪರಿಚಿತ. ಪ್ರತಿ ವರ್ಷ ಅಕ್ಕೂರಿನ ರಸ್ತೆಯಲ್ಲಿ ಹುರುಳಿ ಹರಡಿ, ಪಕ್ಕಕ್ಕೆ ಹೋಗುವ ಕಾರುಗಳಿಗೆ ಅವನೂ ಇದೇ ಮಾತು ಬೈಯುತ್ತಿದ್ದ. ಇನ್ನೊಬ್ಬ ರೈತನ ಕಣ ಕಂಡರೆ ಟೆಂಪೊವನ್ನು ಅದರ ಮೇಲೇ ಹಾಯಿಸುವುದು ಅವನ ಮಟ್ಟಿಗೆ ಮರ್ಯಾದೆ. ಎದುರಿಗೆ ಸಿಕ್ಕವರಿಗೆ ನಮಸ್ಕಾರ ಮಾಡಿದ ಹಾಗೆ. ತಾನು ಕೂತಿರುವುದು ಟೆಂಪೊ ಅಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪೇ ಆಗಲಿಲ್ಲ. ನೇರ ನುಗ್ಗಿಸಿದ. ಚಟಚಟ ಸದ್ದು ಮಾಡುತ್ತ ಕಾಯಿ ಒಡೆದವು.

ಚಿಕ್ಕಹನುಮಯ್ಯ ಗಾಲಿಗಳನ್ನೇ ನೋಡಿ ಮುಖ ಅರಳಿಸಿದ. “ಯಪ್ಪಾ, ಏನ್ ಅಗಲವಾಗವೆ ಗಾಲಿ! ಚೆಂದಾಗಿ ಒಕ್ಕಣೆ ಆಯ್ತದೆ. ಇನ್ನೊಂದ್ ಸುತ್ತು ಬುಡಪ್ಪ!”

ಹೊಗಳಿಕೆಗೆ ಸೋಲದ ಕಾರಿನ ಯಜಮಾನ ಇನ್ನೂ ಹುಟ್ಟಿಲ್ಲ. ರಾಮಲಿಂಗಯ್ಯ ಹಿಂದಕ್ಕೆ ತೆಗೆದ, ಮತ್ತೆ ಮುಂದಕ್ಕೆ ಬಿಟ್ಟ.

“ಏ, ಸಾಕು ನಡಿ,” ಅಂದಳು ಸಿದ್ದಮ್ಮ.

“ಅಗಲ ಗಾಲಿ ಕಣಮ್ಮಿ! ಪಾಪ ಮುದುಕ ಒಬ್ನೇ ಅವ್ನೆ!” ಅವನು ಗಟ್ಟಿಯಾಗಿ ನಗುತ್ತಿದ್ದ. ಮೂರನೆಯ ಸುತ್ತಿಗೆ ಹಿಂದೆ ಬಂದ.

ಊರಿಗೆ ಉಪಕಾರಿ, ಮನೆಗೆ ಮಾರಿ. ಮೂರನೆಯ ಸುತ್ತಿನ ನಟ್ಟನಡುವೆ ಕಾರು ಮುಲುಕಿತು, ಮುಗ್ಗರಿಸಿತು. ಒಳಗೆ ಘಮಘಮ ವಾಸನೆ ಬಂತು.

“ಯಾರೋ ಹುರುಳಿ ಹುರೀತಾವ್ರೆ,” ಅಂದಳು ಸಿದ್ದಮ್ಮ. ಸುತ್ತ ಒಂದು ಮನೆಯೂ ಇರಲಿಲ್ಲ.

ರಾಮಲಿಂಗಯ್ಯನ ನಗು ನಿಂತಿತು. ಕೋಳಿಮರಿಯೂ ನುಗ್ಗದ ಜಾಗಕ್ಕೆ ಮೂರು ಸುತ್ತಿನ ಹುರುಳಿ ಬಳ್ಳಿ ನುಗ್ಗಿ, ಗಾಲಿಯ ಅಚ್ಚಿಗೆ ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಬಿಸಿ ಸೈಲೆನ್ಸರಿಗೆ ಅಂಟಿದ ಕಾಳು ಹುರಿಯುತ್ತಿತ್ತು. ಬಳಗಕ್ಕೆ ಫೋನ್ ಹಚ್ಚಿದ. ಮೂವರೂ ಒಟ್ಟಿಗೆ ಸಿಕ್ಕರು.

“ಅರೆ ಅಣ್ಣ, ಎಕ್ಸಲೇಟರ್ ಕೊಡ್ಬೇಡಿ!” ಅಂದ ವಾಸಿಂ.

“ಅಡ್ಡ ಓಡ್ಸಿ, ಅಡ್ಡ!” ಅಂದರು ಗಫಾರ್ ಸಾಬರು.

ರಾಧಾಮಣಿ ಮೇಡಂ ವಿಷಲ್ಲನ್ನೇ ಊದಿದರು. ಎಲ್ಲರೂ ಸುಮ್ಮನಾದರು. “ಎಂಜಿನ್ ಆಫ್ ಮಾಡಿ. ಇಬ್ರೂ ಮೊದಲು ಕೆಳಗಿಳೀರಿ, ದೂರ ನಿಲ್ಲಿ. ಒಂದು ಕೊಡ ನೀರು ಹತ್ರ ಇಟ್ಕೊಳ್ಳಿ. ಪೂರ್ತಿ ತಣ್ಣಗಾಗೋವರೆಗೂ ಯಾರೂ ಕೈ ಹಾಕ್ಬೇಡಿ, ಬೆಂಕಿ ಹತ್ಕೊಳುತ್ತೆ. ಆಮೇಲೆ ಎಳೀಬೇಡಿ, ಕತ್ತರಿಸಿ.”

ಇಬ್ರೂ ಕೆಳಗಿಳೀರಿ.

ಸಿದ್ದಮ್ಮ ಬಾಗಿಲು ತೆಗೆದಳು. ಅವಳ ಬಲಗಾಲು, ಆಮೇಲೆ ಎಡಗಾಲು, ನಡು ರಸ್ತೆಯ ಹುರುಳಿಯ ಮೇಲೆ ಊರಿದ್ದನ್ನು ರಾಮಲಿಂಗಯ್ಯ ಕಣ್ಣಾರೆ ಕಂಡ. ನಲವತ್ತಮೂರು ಹಂಪು ಗೆದ್ದು, ತಾನೇ ಮೂವತ್ತು ವರ್ಷ ಹರಡಿದ ಹುರುಳಿಯಲ್ಲಿ ಸೋತಿದ್ದ. ದೂರ ನಿಂತು ಕೆಂಪು ಕಾರನ್ನು ನೋಡುವಾಗ ಅವನಿಗೆ ನಿಜವಾಗಿ ದುಃಖವಾಯಿತು. ಮಕ್ಕಳ ಹಾಗೆ ಅಳು ಬರುವುದೊಂದು ಬಾಕಿ.

ಅರ್ಧ ಗಂಟೆಯ ಮೇಲೆ ಎಲ್ಲ ತಣ್ಣಗಾಯಿತು. ಒಂದು ಪಕ್ಕಕ್ಕೆ ಜಾಕು ಏರಿಸಿ, ಗಾಲಿಯ ಕೆಳಗೆ ಚಪ್ಪಡಿ ಕಲ್ಲು ಕೊಟ್ಟರು. ರಾಮಲಿಂಗಯ್ಯ ಬೋರಲು ಮಲಗಿ ಕೈ ಚಾಚಿದರೆ ಹೊಟ್ಟೆ ನೆಲಕ್ಕೆ ಊರಿ ಕೈ ಅರ್ಧಕ್ಕೇ ನಿಂತಿತು. ಕಾರಿನದು ತಗ್ಗು, ಯಜಮಾನನದು ಉಬ್ಬು.

“ಏಳು ಅತ್ಲಾಗೆ,” ಅಂದಳು ಸಿದ್ದಮ್ಮ. ಚಿಕ್ಕಹನುಮಯ್ಯನ ಕೈಯಿಂದ ಕುಡುಗೋಲು ಇಸಿದುಕೊಂಡು, ಗೋಣಿಚೀಲ ಹಾಸಿ, ಹೊಸ ಸೀರೆಯ ಸೆರಗು ಸಿಕ್ಕಿಸಿ ಮಲಗಿದಳು. ಹಿಪ್ಪುನೇರಳೆ ಕಡ್ಡಿ ಕೊಯ್ದು ಕೊಯ್ದು ಪಳಗಿದ ಕೈ. ಕರಕರ ಸದ್ದಿನೊಂದಿಗೆ ಸುತ್ತು ಸುತ್ತಾಗಿ ಬಳ್ಳಿ ಈಚೆಗೆ ಬಂತು. ಅದರ ಜೊತೆಗೇ ಒಂದು ಮೊರದಷ್ಟು ಕಾಳು ಸುರಿಯಿತು.

“ಒಕ್ಕಣೆ ಮಾತ್ರ ಚೆಂದಾಗಿ ಆಗೈತೆ ಕಣವ್ವ,” ಅಂದ ಚಿಕ್ಕಹನುಮಯ್ಯ. ಸಂಕೋಚಪಟ್ಟುಕೊಂಡು ಆ ಕಾಳನ್ನು ಅವಳ ಮಡಿಲಿಗೇ ಹಾಕಿದ.

ಕಾರು ಏನೂ ಆಗದವರ ಹಾಗೆ ಶುರುವಾಯಿತು. ತಿಪ್ಪಸಂದ್ರದಲ್ಲಿ ಸಿದ್ದಮ್ಮನ ಅಣ್ಣ ಕಾರನ್ನು ಸವರಿ ಸವರಿ ಹೊಗಳಿದ. “ನಾಳೆ ವಾಪಸ್ ಓಯ್ತದೆ ಬುಡಿ ಬಾವ,” ಅಂದ ರಾಮಲಿಂಗಯ್ಯ. ಸಿದ್ದಮ್ಮ ಒಮ್ಮೆ ಅವನ ಮುಖ ನೋಡಿ ಒಳಗೆ ಹೋದಳು. ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ರಾಮಲಿಂಗಯ್ಯ ಎರಡನೇ ಮುದ್ದೆ ಬೇಡವೆಂದ. ಮೂವತ್ತೈದು ವರ್ಷದಲ್ಲಿ ಆ ಮನೆಯಲ್ಲಿ ಅವನು ಮುದ್ದೆ ಬೇಡವೆಂದದ್ದು ಅದೇ ಮೊದಲು.

ಡಿಕ್ಕಿಯಲ್ಲಿ ಸೊಗಡು ಸೂಸುವ ಒಂದು ಮೂಟೆ ಅವರೆಕಾಯಿ ತುಂಬಿಕೊಂಡು ಮೂರು ಗಂಟೆಗೆ ಹೊರಟರು. ಹುರುಳಿ ಕಣದ ಹತ್ತಿರ ರಾಮಲಿಂಗಯ್ಯ ಬಾಲ ಮುದುರಿಕೊಂಡು ಅಂಚಿಗೆ ಇಳಿದ. “ಒಂದೇ ಸುತ್ತು ಬುಡಪ್ಪ!” ಎಂದು ಚಿಕ್ಕಹನುಮಯ್ಯ ಕೂಗಿದ. ಸಿದ್ದಮ್ಮ ಕಿಟಕಿಯಿಂದ ತಲೆ ಹಾಕಿ, “ಎತ್ತು ಕಟ್ಕಳಯ್ಯೋ!” ಅಂದಳು. ಅವಳೊಬ್ಬಳೇ ನಕ್ಕಳು.

ಹಂಪುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ರಾಮನಗರ ದಾಟಿ ಹಳೆ ಹೆದ್ದಾರಿ ನೇರವಾಯಿತು. ಸಂಜೆ ಬಿಸಿಲು, ಖಾಲಿ ರಸ್ತೆ. ರಾಮಲಿಂಗಯ್ಯ ಮೂವತ್ತರಲ್ಲೇ ಓಡಿಸುತ್ತಿದ್ದ. ಹೇಗೂ ಕೊನೆಯ ಸಲ, ದಾರಿ ಬೇಗ ಮುಗಿಯುವುದು ಬೇಡ ಅಂತಲೂ ಇತ್ತು.

“ಬೆಳಿಗ್ಗೆ ಏಳು ಗಂಟೆಗೇ ಓಗಿ ಕೊಟ್ಬುಟ್ಟು ಬತ್ತೀನಿ,” ಅಂದ. “ಮಾತು ಅಂದ್ರೆ ಮಾತು.”

“ನಾನ್ ಏನಂದಿದ್ದೆ?”

“ನಡು ರಸ್ತೇಲಿ ಇಳಿಸಿದ್ರೆ ವಾಪಸ್ ಅಂತ.”

“ಕಾರು ಇಳಿಸಿದ್ರೆ ಅಂದಿದ್ದೆ. ನಲವತ್ಮೂರು ಹಂಪಲ್ಲಿ ಒಂದ್ರಲ್ಲಾದ್ರೂ ಕಾರು ನನ್ನ ಇಳಿಸ್ತಾ? ಅಡೀಲಿ ಕೈಯಾಡ್ಸಿ ನೋಡಿವ್ನಿ, ಒಂದು ಗೀರೂ ಇಲ್ಲ. ನನ್ನ ಇಳಿಸಿದ್ದು ಕಾರಲ್ಲ, ಓಡ್ಸೋನು. ತಪ್ಪು ಯಾರ್ದು?”

“ಓಡ್ಸೋನ್ದು,” ಅಂದ ರಾಮಲಿಂಗಯ್ಯ ಮೆಲ್ಲಗೆ.

“ಓಡ್ಸೋನ್ನ ವಾಪಸ್ ಕೊಡಾನ ಅಂದ್ರೆ, ಆ ವಾಯಿದೆ ಮುಗ್ದು ಮೂವತ್ತೈದು ವರ್ಷ ಆಗೋಯ್ತು.”

ಅವನು ತಿರುಗಿ ನೋಡಿದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

“ಮೂರು ಸುತ್ತು ಒಡೀತಿದ್ದಾಗ ನಿನ್ ಮಕ ನೋಡ್ದೆ,” ಅಂದಳು. “ಅಂಗೆ ನಗೋನು ನಮ್ಮನೇಲಿ ಇದ್ದ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಕಾರು ಇರ್ಲಿ ಬುಡು.”

ರಾಮಲಿಂಗಯ್ಯ ಬಾಯಿ ತೆರೆಯುವಷ್ಟರಲ್ಲಿ ಸಿದ್ದಮ್ಮ ಅವನ ಫೋನ್ ಎತ್ತಿಕೊಂಡು ಬಳಗಕ್ಕೆ ದನಿ ಸಂದೇಶ ಬಿಟ್ಟಳು: “ಎಲ್ಲ ತಗ್ಗು ಕಾರಿನೋರಿಗೂ ಸಿದ್ದಮ್ಮ ಏಳ್ತಿರೋದು. ಹಂಪಿನ ಪಟ್ಟಿ ಆಮೇಲೆ ಬರ್ಕಳಿ. ಮೊದ್ಲು ಡಿಕ್ಕೀಲಿ ಒಂದೊಂದು ಕುಡುಗೋಲು, ಒಂದೊಂದು ಗೋಣಿಚೀಲ ಮಡಿಕ್ಕಳಿ. ಹಾಜಿರಮ್ಮಂಗೆ ನಾನ್ ಕೇಳ್ದೆ ಅಂತ ಏಳಿ.”

ಬಳಗ ಹುಟ್ಟಿದಾಗಿನಿಂದ ಮೂವರೂ ಒಟ್ಟಿಗೆ ಒಪ್ಪಿದ ಸಲಹೆ ಅದೊಂದೇ.

ಫೋನು ಕೆಳಗಿಟ್ಟು ಸಿದ್ದಮ್ಮ ಮುಳ್ಳಿನ ಕಡೆ ನೋಡಿದಳು. ಅದು ಮೂವತ್ತರಲ್ಲೇ ನಿಂತಿತ್ತು. ಹಿಂದಿನಿಂದ ಬಂದ ಹಾಲಿನ ಟೆಂಪೊವೊಂದು ಹಾರನ್ ಬಾರಿಸಿ ಮುಂದೆ ಹೋಯಿತು.

“ಯಾಕಿಂಗ್ ಓಡಿಸ್ತೀಯ?” ಅಂದಳು. “ನಾನೇನ್ ಹಣ್ಣಾದ ಹುಳನಾ, ಉದ್ರೋಗಕ್ಕೆ? ತುಳಿ ಅತ್ಲಾಗೆ!”

ರಾಮಲಿಂಗಯ್ಯ ತುಳಿದ. ಸೀಟು ಇಬ್ಬರ ಬೆನ್ನನ್ನೂ ಒಟ್ಟಿಗೆ ಅವುಚಿಕೊಂಡಿತು. ಮುಳ್ಳು ಐವತ್ತು ದಾಟಿತು, ಅರವತ್ತು ದಾಟಿತು, ಎಂಬತ್ತಕ್ಕೆ ಬಂತು. ಪಕ್ಕದಲ್ಲಿ ಸಿದ್ದಮ್ಮ ನಗಲು ಶುರುಮಾಡಿದಳು. ಚನ್ನಪಟ್ಟಣ ಬರುವವರೆಗೂ ಅವಳ ನಗು ನಿಲ್ಲಲಿಲ್ಲ.